ಇಪ್ಪತ್ನಾಲ್ಕನೆಯ ಹೆಸರು

ಆ ಜುಲೈಯಲ್ಲಿ ಡ್ರೋಮೊಗೆ ಗಂಟುಬಿದ್ದ ಕೆಲಸ ಒಂದು ಬಗೆಯಲ್ಲಿ ಹೆಣ್ಣು ನೋಡುವ ಕೆಲಸವೇ. ಟೆಮಾದ ಮೀನು ಬಂದರಿನ ಕೋಲ್ಡ್ ಸ್ಟೋರೇಜ್ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವಳದು ಒಂಬತ್ತು ವರ್ಷದ ಸರ್ವೀಸು. ವಿಭಾಗ ಎಂದರೆ ಅವಳೊಬ್ಬಳೇ. ರಜೆ ಕೇಳುವುದಕ್ಕೆ, ಪಾಳಿ ನೋಡುವುದಕ್ಕೆ, ಯಾರ ಮನೆಯಲ್ಲಿ ಮದುವೆ ಯಾರ ಮನೆಯಲ್ಲಿ ಸಾವು ಎಂದು ತಿಳಿಯುವುದಕ್ಕೆ ಇದ್ದ ಕಂಪನಿಯ ಒಳಗಿನ ಪೋರ್ಟಲ್ ಹದಿನಾರು ವರ್ಷ ಹಳೆಯದಾಗಿ ಕೆಮ್ಮುತ್ತಿತ್ತು. ಹೊಸದು ಕಟ್ಟಬೇಕು, ಅದಕ್ಕೊಂದು ಚೌಕಟ್ಟು ಆರಿಸಿ ತಿಂಗಳೊಳಗೆ ವರದಿ ಕೊಡು ಎಂದು ಮ್ಯಾನೇಜಿಂಗ್ ಡೈರೆಕ್ಟರ್ ಮೇಡಂ ಅಫ್ರಿಯೆ ಹೇಳಿದ್ದರು. ಅವರು ಕುಮಾಸಿಯಿಂದ ಬಂದು ಎಂಟು ತಿಂಗಳಾಗಿತ್ತು, ಎಲ್ಲವೂ ಅವರಿಗೆ ತಿಂಗಳೊಳಗೆ ಆಗಬೇಕು.

ಚೌಕಟ್ಟು ಎಂದರೆ ಮತ್ತೇನಲ್ಲ, ಯಾರೋ ಮೊದಲೇ ನಿಲ್ಲಿಸಿಟ್ಟ ಕಂಬ ತೊಲೆ. ಗೋಡೆ ಬಾಗಿಲು ನಾವು ಕಟ್ಟಿಕೊಳ್ಳಬೇಕು. ಆದರೆ ಹಳೆಯ ಮನೆಯ ಸಾಮಾನೆಲ್ಲ ಹೊಸ ಮನೆಯಲ್ಲಿ ಹಿಡಿಸಬೇಕಲ್ಲ, ತಲೆನೋವು ಇರುವುದು ಅಲ್ಲಿ. ಡ್ರೋಮೊ ಸೋಸಿ ಸೋಸಿ ಎರಡನ್ನು ಉಳಿಸಿಕೊಂಡಿದ್ದಳು. ಅವುಗಳ ನಿಜವಾದ ಹೆಸರಿನ ತುಂಬ ಅಂಕಿ ಚುಕ್ಕಿಗಳಿದ್ದುದರಿಂದ ತನ್ನ ಮಟ್ಟಿಗೆ ಒಂದಕ್ಕೆ ಬಿಗುಮಾನಿ ಎಂದೂ ಇನ್ನೊಂದಕ್ಕೆ ಸಾಧ್ವಿ ಎಂದೂ ಹೆಸರಿಟ್ಟಿದ್ದಳು. ಬಿಗುಮಾನಿ ಚುರುಕು, ನೋಡಲು ಲಕ್ಷಣ, ಆದರೆ ಹಳೆಯ ಕಡತಗಳಲ್ಲಿ ತನಗೆ ಹೊಂದದ್ದನ್ನು ಮುಲಾಜಿಲ್ಲದೆ ಬಾಗಿಲಾಚೆ ಹಾಕುತ್ತಿತ್ತು. ಸಾಧ್ವಿ ನಿಧಾನ, ಸ್ವಲ್ಪ ಮಂಕು. ಏನು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ. ಎಲ್ಲರ ಜೊತೆಗೂ ಹೊಂದಿಕೊಂಡು ಹೋಗುವ ಇಂಥ ಸೊಸೆಯರ ಬಗ್ಗೆ ತುಸು ಎಚ್ಚರವಾಗಿರಬೇಕು ಎಂದು ಅತ್ತೆಯಾದವಳಿಗೆ ಗೊತ್ತಿರುತ್ತದೆ. ಡ್ರೋಮೊಗೆ ಇನ್ನೂ ಆ ವಯಸ್ಸಾಗಿರಲಿಲ್ಲ.

ಇಬ್ಬರಿಗೂ ಪರೀಕ್ಷೆ ಇದ್ದದ್ದು ಒಂದೇ ಪುಟದಲ್ಲಿ. ಅದರ ಹೆಸರು ‘ಹೋದವರು’. ಹಳೆಯ ಪೋರ್ಟಲನ್ನು ಕಟ್ಟಿದ ಕ್ವೈನೋರ್ ಎಂಬಾತ ಕಂಪನಿಯಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡವರಿಗಾಗಿ ಅದನ್ನು ಮಾಡಿದ್ದ. ಹೆಸರು, ಫೋಟೊ, ವಿಭಾಗ, ಹೋದ ದಿನ. ಡ್ರೋಮೊ ಕೆಲಸಕ್ಕೆ ಸೇರಿದ ದಿನ ಮಾಡಿದ ಮೊದಲ ಕೆಲಸ ಕ್ವೈನೋರನನ್ನೇ ಆ ಪುಟಕ್ಕೆ ಸೇರಿಸಿದ್ದು, ಅವನ ಕುರ್ಚಿಯಲ್ಲಿ ಕೂತು. ಈಗ ಅಲ್ಲಿ ಇಪ್ಪತ್ಮೂರು ಜನ ಇದ್ದರು. ಪುಟದಲ್ಲಿ ಸೇರಿಸುವ ಗುಂಡಿ ಇತ್ತು, ತಿದ್ದುವ ಗುಂಡಿ ಇತ್ತು, ಅಳಿಸುವ ಗುಂಡಿ ಇರಲಿಲ್ಲ. ಒಳಗಿನ ಬರಹದಲ್ಲಿ ಕ್ವೈನೋರ್ ತನ್ನ ಹಿಂದೆ ಬರುವವರಿಗೆಂದು ಎರಡು ಸಾಲು ಬಿಟ್ಟಿದ್ದ: ‘ಅಳಿಸುವ ಗುಂಡಿ ಇಡಬೇಡಿ, ಒಬ್ಬರನ್ನು ಎರಡು ಸಲ ಕಳಿಸಬಾರದು. ತಪ್ಪಿದ್ದರೆ ತಿದ್ದಿಕೊಳ್ಳಿ.’

ಒಂದು ಮಂಗಳವಾರ ಡ್ರೋಮೊ ಸಾಧ್ವಿಯನ್ನು ಪರೀಕ್ಷೆಗೆ ಕೂರಿಸಿದಳು. ಮಂಗಳವಾರ ಅಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ, ಅದು ಕಡಲಿನ ವಿಶ್ರಾಂತಿಯ ದಿನ. ದೋಣಿಗಳೆಲ್ಲ ದಡದಲ್ಲಿರುವುದರಿಂದ ಕಚೇರಿಯೂ ತಣ್ಣಗಿರುತ್ತದೆ. ಹೋದವರ ಪುಟಕ್ಕೆ ಹೊಸ ಸಾಲು ಸೇರುತ್ತದೆಯೇ ನೋಡಬೇಕಿತ್ತು. ಅದಕ್ಕೊಂದು ಹೆಸರು ಬೇಕು. ಸತ್ತವರ ಹೆಸರನ್ನು ಆಟಕ್ಕೆ ಬರೆಯುವುದು ಮಹಾ ಅಪಚಾರ. ಬದುಕಿರುವ ಇನ್ನೊಬ್ಬರ ಹೆಸರು ಬರೆದರೆ ಶಾಪ ಹಾಕಿದಂತೆ. ಅಆಇಈ ಎಂದು ಏನಾದರೂ ಗೀಚಬಹುದಿತ್ತು, ಆದರೆ ಆ ಪುಟದಲ್ಲಿ ಗೀಚುವುದಕ್ಕೂ ಮನಸ್ಸು ಬರಲಿಲ್ಲ. ಕೊನೆಗೆ ಯಾರಿಗೂ ನೋವಾಗದಿರಲಿ ಎಂದು ತನ್ನ ಹೆಸರನ್ನೇ ಬರೆದಳು: ಡ್ರೋಮೊ ನೋರ್ಟೆ, ಕಂಪ್ಯೂಟರ್ ವಿಭಾಗ, ಇವತ್ತಿನ ತಾರೀಖು. ಸಾಧ್ವಿ ಬಾಯಿ ಮುಚ್ಚಿಕೊಂಡು ನುಂಗಿತು. ಡ್ರೋಮೊ ಪರೀಕ್ಷೆಯ ಪುಟ ಮುಚ್ಚಿ ಊಟಕ್ಕೆ ಎದ್ದಳು. ತಾನು ಬರೆದದ್ದು ಪರೀಕ್ಷೆಗೆಂದು ಮಾಡಿದ ಪುಟದ ನಕಲಿನ ಮೇಲೆ ಎಂದೇ ಅವಳು ತಿಳಿದಿದ್ದಳು. ಸಾಧ್ವಿ ಅದೆಷ್ಟು ಹೊಂದಿಕೊಂಡುಬಿಟ್ಟಿತ್ತೆಂದರೆ ನಕಲನ್ನು ದಾಟಿ ಅಸಲಿಗೇ ಹೋಗಿ ಬರೆದು ಬಂದಿತ್ತು.

ಆ ಶುಕ್ರವಾರ ಕಂಪನಿ ಹುಟ್ಟಿದ ದಿನ. ಲಾರಿ ತೂಗುವ ಕಟ್ಟೆಯ ಪಕ್ಕದ ಅಂಗಳದಲ್ಲಿ ನೂರೈವತ್ತು ಜನ ಸೇರಿದ್ದರು. ಪ್ರತಿ ವರ್ಷ ಆ ದಿನ ನೆಲಕ್ಕೆ ಶ್ನಾಪ್ಸ್ ಮದ್ಯ ಎರೆದು ಹೋದವರನ್ನು ಹೆಸರು ಹಿಡಿದು ಕರೆಯುವವರು ಅಟಾ ಬೊರ್ಕೆಟೆ, ಐಸ್ ಫ್ಯಾಕ್ಟರಿಯ ಮೇಸ್ತ್ರಿ. ಅಟಾ ಎಂದರೆ ಅಪ್ಪ. ಅರವತ್ತೇಳು ವರ್ಷದ ಆ ಮನುಷ್ಯನನ್ನು ಬರಿ ಹೆಸರು ಹಿಡಿದು ಕೂಗುವ ಗಂಡಸು ಬಂದರಿನಲ್ಲೇ ಇರಲಿಲ್ಲ. ರಿಟೈರ್ ಆಗುವ ವಯಸ್ಸು ದಾಟಿ ಏಳು ವರ್ಷವಾಗಿದ್ದರೂ ಅವರನ್ನು ಮನೆಗೆ ಹೋಗಿ ಎನ್ನುವ ಧೈರ್ಯ ಯಾರೂ ಮಾಡಿರಲಿಲ್ಲ. ಯಾವಾಗಲೂ ಬಾಯಿಪಾಠದಿಂದಲೇ ಕರೆಯುತ್ತಿದ್ದರು. ಈ ವರ್ಷ ಮೇಡಂ ಅಫ್ರಿಯೆ ಪೋರ್ಟಲಿನಿಂದ ಪಟ್ಟಿ ಮುದ್ರಿಸಿ ಅವರ ಕೈಗೆ ಕೊಟ್ಟಿದ್ದರು, ಯಾರ ಹೆಸರೂ ತಪ್ಪಿಹೋಗಬಾರದೆಂದು.

"ಕ್ವೈನೋರ್, ಬಾರಪ್ಪ, ಇದು ನಿನ್ನ ಪಾಲು," ಎಂದು ಅಟಾ ಒಂದು ಗುಟುಕು ನೆಲಕ್ಕೆ ಎರೆದರು.

"ಹಿಯಾವೋ," ಎಂದು ಜನ ದನಿಗೂಡಿಸಿದರು, ಹಾಗೇ ಆಗಲಿ ಎಂದು.

ಹೀಗೇ ಸಾಗಿತು. ಕರೆಯುವುದು, ಎರೆಯುವುದು, ಜನ ಹಿಯಾವೋ ಎನ್ನುವುದು. ಮೂರನೆಯ ಸಾಲಿನಲ್ಲಿ ನಿಂತಿದ್ದ ಡ್ರೋಮೊ ಊಟಕ್ಕೆ ಬಂಕು ಇದೆಯೋ ಕೆಂಕೆಯೋ ಎಂದು ಯೋಚಿಸುತ್ತಿದ್ದಳು.

"ಡ್ರೋಮೊ ನೋರ್ಟೆ, ಬಾರಮ್ಮ, ಇದು ನಿನ್ನ ಪಾಲು."

ಅಷ್ಟರಲ್ಲಿ ಮದ್ಯ ನೆಲಕ್ಕೆ ಬಿದ್ದಾಗಿತ್ತು. ಅರ್ಧ ಜನ ಅಭ್ಯಾಸಬಲದಿಂದ ಹಿಯಾವೋ ಎಂದೂ ಬಿಟ್ಟಿದ್ದರು. ಉಳಿದರ್ಧ ಜನ ಅವಳ ಕಡೆ ತಿರುಗಿದರು. ಅಟಾ ಕಾಗದವನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾಗದವನ್ನು ನೋಡಿದರು. ಬದುಕಿರುವವರ ಹೆಸರನ್ನು ಆ ಹೊತ್ತಿನಲ್ಲಿ ಯಾರೂ ಬಾಯಿಗೆ ತರುವುದಿಲ್ಲ, ಮಕ್ಕಳಿಗೂ ಅದು ಗೊತ್ತು. ಕರೆದದ್ದು ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ಅಲ್ಲವೇ ಕರೆಯುವುದು.

"ಇದರಲ್ಲಿ ಇತ್ತು," ಎಂದರು ಅಟಾ, ಸಣ್ಣ ದನಿಯಲ್ಲಿ.

"ಕಂಪ್ಯೂಟರ್ ತಪ್ಪು, ಅಷ್ಟೇ. ಎಲ್ಲರೂ ಊಟಕ್ಕೆ ಬನ್ನಿ," ಎಂದರು ಮೇಡಂ ಅಫ್ರಿಯೆ.

ಊಟದ ಸಾಲಿನಲ್ಲಿ ಕ್ಯಾಂಟೀನಿನ ಆಂಟಿ ಅಕುವೆಲೆ ಅವಳ ಕಿವಿಗೆ ಬಾಯಿಟ್ಟು, "ಎರಡು ಮೊಟ್ಟೆ ಒಡೆಸಿ ಶಾಂತಿ ಮಾಡಿಸ್ಕೊಳೇ, ಉಡಾಫೆ ಮಾಡಬೇಡ," ಎಂದಳು.

"ನಾನು ಮೆಥಡಿಸ್ಟ್, ಆಂಟಿ. ಭಾನುವಾರ ಚರ್ಚಿಗೆ ಹೋದ್ರೆ ಸಾಕು."

"ನಿನ್ನ ಪಾದ್ರಿನ ಕರೀಲಿಲ್ಲವಲ್ಲ ಅವರು, ನಿನ್ನನ್ನ ಕರೆದಿದ್ದು," ಎಂದಳು ಅಕುವೆಲೆ.

ಸೋಮವಾರ ಗೇಟಿನ ಯಂತ್ರ ಡ್ರೋಮೊಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕಾವಲಿನ ತವಿಯಾ, "ಬಿಸ್ಕತ್ತು ತಿಂದ ಕೈ ಒರೆಸ್ಕೊಂಡು ಬಾರಮ್ಮ," ಎಂದು ಛೇಡಿಸಿ ಪಕ್ಕದ ಬಾಗಿಲಿನಿಂದ ಬಿಟ್ಟ. ಮಂಗಳವಾರ ತವಿಯಾ ಛೇಡಿಸಲಿಲ್ಲ, ಅವಳು ಎದುರಿಗೆ ನಿಂತಿದ್ದರೂ ಹಿಂದಿನವನಿಗೆ ಬಾಗಿಲು ತೆರೆದ. ಅವಳು ಆತನ ಬೆನ್ನಿಗಂಟಿ ಒಳಗೆ ನುಸುಳಿದಳು. ಕ್ಯಾಂಟೀನಿನಲ್ಲಿ ಅಕುವೆಲೆ ಅವಳ ಮುಂದಿನವರಿಗೆ ಬಡಿಸಿದಳು, ಅವಳ ಹಿಂದಿನವರಿಗೆ ಬಡಿಸಿದಳು. ಬುಧವಾರ ಟ್ರೋಟ್ರೋ ವ್ಯಾನಿನಲ್ಲಿ ದಪ್ಪಗಿನ ಒಬ್ಬ ಹತ್ತಿ ಬಂದು ನೆಟ್ಟಗೆ ಅವಳ ತೊಡೆಯ ಮೇಲೆ ಕೂತ.

"ಸ್ವಾಮೀ, ಕಣ್ಣು ಕಾಣಲ್ವಾ?" ಎಂದು ಅವಳು ಅರಚಿದ ಮೇಲೆ ಅವನು ಬೆಚ್ಚಿ ಎದ್ದ.

"ಖಾಲಿ ಸೀಟು ಅಂದ್ಕೊಂಡೆ," ಎಂದ. ಅವಳ ಕಡೆ ನೋಡಿ ಹೇಳಲಿಲ್ಲ, ಕಿಟಕಿಯ ಕಡೆ ನೋಡಿ ಹೇಳಿದ.

ಇಷ್ಟಾದರೂ ಡ್ರೋಮೊ ಗಟ್ಟಿಯಾಗಿದ್ದಳು. ಜನಕ್ಕೆ ಭಯ, ಭಯಕ್ಕೆ ಮುಖ ತಿರುಗಿಸುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುರುವಾರ ಬೆಳಿಗ್ಗೆ ಆ ಗಟ್ಟಿತನ ಮುರಿದುಬಿತ್ತು. ಕಮ್ಯುನಿಟಿ ನಾಲ್ಕು ಎಂಬ ಬಡಾವಣೆಯ ಮನೆಯಲ್ಲಿ ಅವಳು, ಅವಳ ತಾಯಿ, ಆರು ವರ್ಷದ ಮಗಳು ಓಯೋ, ಮೂರೇ ಜನ. ಶಾಲೆಗೆ ಹೊತ್ತಾಗುತ್ತಿತ್ತು. ಡ್ರೋಮೊ ಮೆಟ್ಟಿಲ ಮೇಲೆ ಕೂತು ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

"ಅಜ್ಜೀ, ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳಿತು ಹುಡುಗಿ.

"ಬರ್ತಾಳೆ ಬಿಡು ಕಂದ," ಎಂದಳು ಅಜ್ಜಿ ಒಳಗಿನಿಂದ, ಮೂಗೇರಿಸಿಕೊಂಡು.

"ಇಲ್ಲೇ ಇದೀನಲ್ಲೇ, ಓಯೋ. ನಿನ್ನ ಜಡೆ ಹಾಕ್ತಿರೋದು ಯಾರು?"

ಹುಡುಗಿ ಕೈಯೆತ್ತಿ ತಲೆ ಕೆರೆದುಕೊಂಡಿತು, ನೊಣ ಕೂತಾಗ ಕೆರೆದುಕೊಳ್ಳುವ ಹಾಗೆ. ಆಮೇಲೆ ಎದ್ದು ಅರ್ಧ ಹಾಕಿದ ಜಡೆಯಲ್ಲೇ ಒಳಗೆ ಓಡಿತು. ಬಾಚಣಿಗೆ ಡ್ರೋಮೊಳ ಕೈಯಲ್ಲಿ ಉಳಿಯಿತು. ಸಾವಿಗಿಂತ ಇದು ಕೆಟ್ಟದ್ದು ಅನ್ನಿಸಿತು, ಸತ್ತರೆ ಮಗಳು ಅತ್ತಾದರೂ ಅಳುತ್ತಿದ್ದಳು.

ಕಚೇರಿಗೆ ಓಡಿ ಬಂದು ಹೋದವರ ಪುಟ ತೆರೆದಳು. ಇಪ್ಪತ್ನಾಲ್ಕನೆಯ ಸಾಲಿನಲ್ಲಿ ಅವಳ ಹೆಸರು, ಫೋಟೊ ಸಮೇತ. ಫೋಟೊ ಅವಳು ಹಾಕಿರಲಿಲ್ಲ. ಅಳಿಸುವ ಗುಂಡಿ ಇಲ್ಲದ್ದರಿಂದ ಪೋರ್ಟಲಿನ ತಳಕ್ಕೇ ಇಳಿದು, ಕಡತಗಳ ಕಣಜಕ್ಕೆ ಕೈಹಾಕಿ ಆ ಸಾಲನ್ನು ಕಿತ್ತು ಹಾಕಿದಳು. ಹದಿನೈದು ನಿಮಿಷದಲ್ಲಿ ಅದು ವಾಪಸು ಬಂತು. ಇನ್ನೊಮ್ಮೆ ಕಿತ್ತಳು, ಇನ್ನೊಮ್ಮೆ ಬಂತು. ಸಾಧ್ವಿಯನ್ನು ಪೂರ್ತಿ ಕಿತ್ತೊಗೆದು ನೋಡಿದಳು, ಆಗಲೂ ಬಂತು. ಪುಟದ ಮೂಲೆಯಲ್ಲಿ ‘ಈಗ ಒಳಗಿರುವವರು’ ಎಂದು ತೋರಿಸುವ ಸಣ್ಣ ಚೌಕವಿತ್ತು. ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ, ಹೊರಗೆ ಲಾರಿಗಳು ಹಾರನ್ ಹೊಡೆಯುತ್ತಿದ್ದಾಗ, ಅದರಲ್ಲಿ ಇಪ್ಪತ್ನಾಲ್ಕು ಹೆಸರು ಹಸಿರಾಗಿ ಹೊಳೆಯುತ್ತಿದ್ದವು. ಸಾಲು ಸಾಲಿಗೂ ಒಂದು ಖಾತೆ ತಾನಾಗಿ ತೆರೆದುಕೊಂಡಿರಬೇಕು, ಇಂಥ ದೋಷ ತಾನು ಎಷ್ಟು ನೋಡಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಕ್ವೈನೋರನ ಹೆಸರಿನಿಂದ ಅವಳಿಗೊಂದು ಸಂದೇಶ ಬಂತು.

‘ಜಾಗ ಮಾಡಿದ್ದೀವಿ. ಬಾ.’

ಡ್ರೋಮೊ ಎದ್ದು ನಿಂತಳು. ಓಡಿಹೋಗಬೇಕೆನ್ನಿಸಿತು, ಆದರೆ ಓಡಿ ಎಲ್ಲಿಗೆ ಹೋಗುವುದು, ಮನೆಗೆ ಹೋದರೆ ಅಲ್ಲಿ ನೊಣದ ಹಾಗೆ ಇರಬೇಕು. ಮತ್ತೆ ಕೂತಳು. ತಲೆ ಒಂದು ಕ್ಷಣಕ್ಕೆ ಚುರುಕಾಯಿತು. ಬಿಗುಮಾನಿ ಇದೆಯಲ್ಲ. ಹಳೆಯ ಪುಟ ತನಗೆ ಹೊಂದುವುದಿಲ್ಲವೆಂದು ಬಾಗಿಲಾಚೆ ಹಾಕುವ ಬಿಗುಮಾನಿ. ಅದನ್ನು ತಂದು ಕೂರಿಸಿದರೆ ಹೋದವರ ಪುಟವೇ ಇರುವುದಿಲ್ಲ, ಪುಟವೇ ಇಲ್ಲದಿದ್ದರೆ ಇಪ್ಪತ್ನಾಲ್ಕನೆಯ ಸಾಲು ಎಲ್ಲಿ ಬಂತು. ಎರಡೂ ಕೈಯಿಂದ ಬಡಿದು ಬಡಿದು ಬಿಗುಮಾನಿಯನ್ನು ನಡೆಸಿದಳು. ಪರದೆ ಥಳಥಳ ಎಂದಿತು. ಹೋದವರು ಎಂದು ಇದ್ದ ಕಡೆ ಏನೂ ಇರಲಿಲ್ಲ.

ಕ್ಯಾಂಟೀನಿಗೆ ಹೋದಳು. ಅಕುವೆಲೆ ದೂರದಿಂದಲೇ ನೋಡಿ, "ಏನೇ, ವಾರದಿಂದ ಉಪವಾಸನಾ? ಮೂಳೆ ಎದ್ದಿದೆ ಮುಖದಲ್ಲಿ," ಎಂದಳು. ಡ್ರೋಮೊಗೆ ಅವಳ ಕಾಲು ಹಿಡಿಯಬೇಕೆನಿಸಿತು. ಎಲೆ ಸುತ್ತಿದ ಕೆಂಕೆ ಬಿಚ್ಚಿ, ಕರಿದ ಮೀನನ್ನು ಖಾರದ ಶಿತೋಗೆ ಅದ್ದಿ ಒಂದು ತುತ್ತು ಬಾಯಿಗಿಡುವಾಗ ಅವಳ ಕಣ್ಣು ಒಲೆಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ಅಕುವೆಲೆಯ ಅಣ್ಣ ಅಡೋಟೆಯ ಚಿತ್ರ ಯಾವಾಗಲೂ ತೂಗುತ್ತಿತ್ತು. ಆತ ಇಲ್ಲೇ ದೋಣಿಗಳಿಂದ ಮೀನು ಇಳಿಸುವ ಕೆಲಸ ಮಾಡಿಕೊಂಡಿದ್ದು ನೀರಿಗೆ ಬಿದ್ದು ಹೋದವನು. ಪಟ್ಟಿಯಲ್ಲಿ ಹದಿನಾಲ್ಕನೆಯವನು. ಈಗ ಗೋಡೆಯ ಮೇಲೆ ಬರಿ ಮೊಳೆ ಇತ್ತು.

"ಅಣ್ಣನ ಫೋಟೊ ಎಲ್ಲಿ, ಆಂಟಿ?"

"ಯಾರ ಅಣ್ಣ?"

"ನಿಮ್ಮಣ್ಣ. ಅಡೋಟೆ."

ಅಕುವೆಲೆ ನಕ್ಕಳು. "ನಮ್ಮಮ್ಮನಿಗೆ ಐದೂ ಹೆಣ್ಣೇ. ಗಂಡು ಹುಟ್ಟಲಿ ಅಂತ ಹರಕೆ ಹೊತ್ತು ಹೊತ್ತು ಸುಸ್ತಾಗಿ ಸತ್ತಳು. ಬಿಸಿಲಲ್ಲಿ ತಿರುಗಬೇಡ, ಹೋಗು."

ಡ್ರೋಮೊ ತಟ್ಟೆ ಸರಿಸಿ ಎದ್ದಳು. ವಾಪಸು ಹೋಗಿ ಬಿಗುಮಾನಿಯನ್ನು ನಿಲ್ಲಿಸಿದಳು. ಮತ್ತೆ ಬಂದು ನೋಡಿದರೆ ಅಡೋಟೆ ಗೋಡೆಯ ಮೇಲಿದ್ದ, ಅಕುವೆಲೆ ಸೆರಗಿನ ತುದಿಯಿಂದ ಗಾಜು ಒರೆಸುತ್ತಿದ್ದಳು. ಡ್ರೋಮೊ ಮೂರು ಸಲ ಕೂಗಿದರೂ ಅವಳು ತಿರುಗಲಿಲ್ಲ.

ಹಾಗಾಗಿ ಲೆಕ್ಕ ಸರಳವಾಗಿತ್ತು. ಸಾಧ್ವಿಯನ್ನು ಆರಿಸಿದರೆ ಡ್ರೋಮೊ ಇರುವುದಿಲ್ಲ. ಬಿಗುಮಾನಿಯನ್ನು ಆರಿಸಿದರೆ ಆ ಇಪ್ಪತ್ಮೂರು ಜನ ಎಂದೂ ಇರಲಿಲ್ಲ ಎಂದಾಗುತ್ತದೆ. ನಾಳೆ ವರದಿ ಕೊಡುವ ದಿನ. ಅವಳು ಬಿಗುಮಾನಿಯನ್ನೇ ಬರೆಯಲು ತೀರ್ಮಾನಿಸಿದಳು. ಅದರಲ್ಲಿ ಮುಚ್ಚುಮರೆ ಏನಿದೆ, ಅವಳಿಗೆ ಮಗಳಿದ್ದಾಳೆ. ಆದರೂ ಒಬ್ಬರಿಗೆ ಹೇಳದೆ ಮಾಡಲು ಮನಸ್ಸು ಒಪ್ಪಲಿಲ್ಲ. ಪಟ್ಟಿಯ ಒಂಬತ್ತನೆಯ ಹೆಸರು ಲಾಮಿಲೆ ಬೊರ್ಕೆಟೆ, ಮೀನು ಸೀಳುವ ವಿಭಾಗ. ಅಟಾ ಬೊರ್ಕೆಟೆಯ ಹೆಂಡತಿ. ಡ್ರೋಮೊ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಐಸ್ ಫ್ಯಾಕ್ಟರಿಗೆ ಇಳಿದಳು.

ಅಟಾ ಯಾವಾಗಲೂ ಕೂರುವ ಮರದ ಸ್ಟೂಲಿನ ಮೇಲೆ, ಹೊಸ ಐಸ್ ಗಡ್ಡೆಗಳ ಗೋಡೆಗೆ ಎದುರಾಗಿ, ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದರು.

"ಬಾ ಮಗಳೇ. ಎರಡು ದಿನದಿಂದ ಕಾಯ್ತಿದೀನಿ."

"ನಾನು ನಿಮಗೆ ಕಾಣ್ತೀನಾ, ಅಟಾ?"

"ಕರೆದವನೇ ನಾನು, ನನಗೆ ಕಾಣದೇ ಇರ್ತೀಯಾ? ಆದ್ರೆ ತೆಳ್ಳಗಾಗಿದೀಯ. ನಿನ್ನ ಹಿಂದಿರೋ ಬಾಗಿಲು ಕಾಣ್ತಿದೆ."

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಅವಳು ಮುಗಿಸಿದ ಮೇಲೆ ಅಟಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಅಂದ್ರೆ ಆ ಬಿಗುಮಾನಿ ಬಂದ್ರೆ ಲಾಮಿಲೆ ಅಂತ ಒಬ್ಬಳಿದ್ದಳು ಅನ್ನೋದೇ ನನಗೆ ಗೊತ್ತಿರಲ್ಲ."

"ಗೊತ್ತಿರಲ್ಲ."

"ಆಗ ನನಗೆ ದುಃಖನೂ ಆಗಲ್ಲ ಅಲ್ವಾ?"

"ಆಗಲ್ಲ, ಅಟಾ."

"ಅದನ್ನ ಕೇಳೇ ನನಗೆ ಭಯ ಆಗ್ತಿರೋದು," ಎಂದರು ಅಟಾ. ಸ್ವಲ್ಪ ಹೊತ್ತು ಐಸ್ ಗಡ್ಡೆಗಳನ್ನು ನೋಡುತ್ತ ಕೂತರು. "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡ. ಹೋದ ವರ್ಷ ಕರೆಯೋವಾಗ ಎಂಟನೇ ಹೆಸರು ಆದಮೇಲೆ ಮುಂದಿನದು ಬಾಯಿಗೆ ಬರಲಿಲ್ಲ. ಸ್ವಂತ ಹೆಂಡ್ತಿ ಹೆಸರು ಕಣೇ. ಹಾರಿಸಿ ಹತ್ತನೇದಕ್ಕೆ ಹೋದೆ. ಜನಕ್ಕೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗಿರತ್ತೆ, ಲೋಟ ಹಿಡ್ಕೊಂಡು ಸಾಲಲ್ಲಿ ನಿಂತಿದ್ದಳೋ ಏನೋ. ಅದಕ್ಕೇ ಮೇಡಂ ಈ ಸಲ ಕಾಗದ ಕೊಡ್ತೀನಿ ಅಂದಾಗ ಬದುಕಿದೆ ಅಂದ್ಕೊಂಡು ಇಸ್ಕೊಂಡೆ. ಯಾವಾಗ್ಲೂ ಒಂದು ಸಲ ಮನಸ್ಸಲ್ಲೇ ಓದ್ಕೊಂಡು ಆಮೇಲೆ ಬಾಯಿ ಬಿಡಬೇಕು. ಕಾಗದ ಇದೆಯಲ್ಲ ಅಂತ ಧೈರ್ಯ ಮಾಡಿದೆ. ನೀನು ಬರೆದಿದ್ದು ಒಂದು ತಪ್ಪಾದ್ರೆ ನಾನು ಕರೆದಿದ್ದು ಇನ್ನೊಂದು."

ಡ್ರೋಮೊ ಮೂಗು ಒರೆಸಿಕೊಂಡಳು.

"ಆ ಕ್ವೈನೋರ್ ಏನೋ ಬರೆದಿಟ್ಟಿದಾನೆ ಅಂದ್ಯಲ್ಲ. ಇನ್ನೊಂದು ಸಲ ಹೇಳು."

"ಅಳಿಸಬೇಡಿ. ತಪ್ಪಿದ್ದರೆ ತಿದ್ದಿಕೊಳ್ಳಿ."

"ಹಾಗಾದ್ರೆ ತಿದ್ದು," ಎಂದರು ಅಟಾ. "ಇಪ್ಪತ್ನಾಲ್ಕು ಸಲ ಎರೆದಿದೀನಿ, ಇಪ್ಪತ್ನಾಲ್ಕು ಜನ ಹೋಗಲೇಬೇಕು. ಯಾರು ಅಂತ ನೆಲ ಕೇಳಲ್ಲ. ನಿನ್ನ ಸಾಲಿನ ಮೇಲೆ ನನ್ನ ಹೆಸರು ಬರೆ. ವರದಿಯಲ್ಲಿ ಆ ಸಾಧ್ವಿನೇ ಸರಿ ಅಂತ ಹೇಳು. ಅದು ಇದ್ರೆ ನನ್ನ ಹಿಂದೆ ಯಾರಾದ್ರೂ ಕಾಗದ ನೋಡ್ಕೊಂಡಾದ್ರೂ ಲಾಮಿಲೆನ ಕರೀತಾರೆ."

"ಬೇಡ ಅಟಾ. ನನ್ನ ಕೈಲಿ ಆಗಲ್ಲ."

"ಬೇಡ ಅನ್ನೋಳು ಪೆಟ್ಟಿಗೆ ಯಾಕೆ ತೆರೆದೆ?"

ಅವಳು ಕೆಳಗೆ ನೋಡಿದಳು. ಲ್ಯಾಪ್‌ಟಾಪ್ ಮೊಣಕಾಲ ಮೇಲೆ ತೆರೆದಿತ್ತು, ಹೋದವರ ಪುಟ ಮುಂದಿತ್ತು, ಇಪ್ಪತ್ನಾಲ್ಕನೆಯ ಸಾಲಿನ ಪಕ್ಕದ ‘ತಿದ್ದು’ ಗುಂಡಿಯನ್ನು ಅವಳ ಬೆರಳು ಆಗಲೇ ಒತ್ತಿತ್ತು. ನಾಚಿಕೆಯಿಂದ ಅವಳ ಕಿವಿ ಸುಟ್ಟುಹೋಯಿತು. ಮುದುಕರು ನಕ್ಕರು. ಅದು ಕುಹಕದ ನಗೆಯಲ್ಲ, ಮಗು ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದರೆ ನಗುತ್ತಾರಲ್ಲ, ಅಂಥದ್ದು.

"ಬರೆ ಮಗಳೇ. ಹುಡುಗಿಗೆ ಅರ್ಧ ಜಡೆ ಹಾಕಿ ಬಿಟ್ಟು ಬಂದಿದೀಯ."

ಅವಳು ಹೆಸರು ಬರೆದಳು. ವಿಭಾಗ ಬರೆದಳು. ಪರದೆ ಹೋದ ದಿನವನ್ನು ಕೇಳಿತು. ಅದನ್ನು ತುಂಬದೆ ಅದು ಮುಂದಕ್ಕೆ ಹೋಗುವುದಿಲ್ಲ.

"ತಾರೀಖು ಕೇಳ್ತಿದೆ," ಎಂದಳು ಕೇಳಿಸದ ಹಾಗೆ.

"ಹೊಮೋವೊ ಹಬ್ಬ ಬರೋದು ಇನ್ನು ಎರಡು ವಾರಕ್ಕಾ? ಅದರ ಮಾರನೇ ದಿನ ಹಾಕು. ಪಾಮ್ ಎಣ್ಣೆ ಹಾಕಿದ ಬಿಸಿ ಕ್ಪೋಕ್ಪೋಯ್ ಒಂದು ತುತ್ತು ತಿಂದು ಹೋಗ್ತೀನಿ."

ಅವಳು ಹಾಕಿದಳು. ಕೆಂಪು ಅಕ್ಷರ ಮೂಡಿತು. ಹೋದ ದಿನ ಇವತ್ತಿನದಾಗಿರಬೇಕು ಅಥವಾ ಹಿಂದಿನದಾಗಿರಬೇಕು, ಮುಂದಿನದನ್ನು ಒಪ್ಪುವುದಿಲ್ಲ ಎಂದು ಓದಿ ಹೇಳಿದಳು.

"ಈ ಕ್ವೈನೋರ್ ಬದುಕಿದ್ದಾಗಲೂ ಹೀಗೇ, ಮಹಾ ಪಿಟ್ಟಾಸಿ," ಎಂದರು ಅಟಾ. ಐಸ್ ಯಂತ್ರ ಒಂದು ಗಡ್ಡೆಯನ್ನು ದಡಕ್ಕನೆ ಇಳಿಸಿತು. "ಹಿಂದಿನದು ಆಗತ್ತೆ ಅಂದ್ಯಲ್ಲ. ಹಾಗಾದ್ರೆ ಒಂಬತ್ತನೇ ಸಾಲಲ್ಲಿ ಯಾವ ದಿನ ಇದೆಯೋ ಅದನ್ನೇ ಹಾಕು."

"ಅದು ಹನ್ನೊಂದು ವರ್ಷದ ಹಿಂದಿನದು, ಅಟಾ."

"ನನಗೆ ಗೊತ್ತಿಲ್ವಾ ಎಷ್ಟು ವರ್ಷ ಅಂತ. ಹಾಕು. ದೊಡ್ಡ ಸುಳ್ಳೇನಲ್ಲ ಅದು. ಆವತ್ತಿಂದ ಈಚೆಗೆ ನಾನು ಬರೀ ಐಸ್ ನೋಡ್ಕೊಂಡು ಕೂತಿದೀನಿ."

ಡ್ರೋಮೊ ತಾರೀಖು ಬರೆದಳು. ಉಳಿಸು ಎಂಬುದರ ಮೇಲೆ ಬೆರಳಿಟ್ಟು ಅವರ ಮುಖ ನೋಡಿ ಏನಾದರೂ ಹೇಳಬೇಕು ಎಂದುಕೊಂಡಳು. ತಲೆಯೆತ್ತಿದರೆ ಧೈರ್ಯ ಹೋಗುತ್ತದೆ ಎಂದು ತಲೆಯೆತ್ತದೆಯೇ ಒತ್ತಿದಳು.

ತಲೆಯೆತ್ತಿದಾಗ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ಸ್ಟೂಲು ತುಕ್ಕು ಹಿಡಿದ ಬಕೆಟ್‌ಗಳ ಜೊತೆ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಬೆರಳು ದಪ್ಪದ ಹಿಮ ಕಟ್ಟಿತ್ತು, ವರ್ಷಗಟ್ಟಲೆ ಯಾರೂ ಮುಟ್ಟದ್ದು.

"ಏನ್ ಮೇಡಂ, ಇಲ್ಲಿ ಕೂತು ಕೆಲಸ ಮಾಡ್ತಿದೀರಾ? ನೆಗಡಿ ಆಗತ್ತೆ," ಎಂದ ಬಾಗಿಲಿನಿಂದ ಒಬ್ಬ. ಅವನ ಎದೆಯ ಮೇಲೆ ಮೇಸ್ತ್ರಿಯ ಬಿಲ್ಲೆ ಇತ್ತು. ಅವಳು ಅವನನ್ನು ಎಂದೂ ನೋಡಿರಲಿಲ್ಲ. ಅವನಿಗೆ ಅವಳ ಪರಿಚಯ ಚೆನ್ನಾಗಿಯೇ ಇದ್ದಂತಿತ್ತು.

"ಅಟಾ ಬೊರ್ಕೆಟೆ ಎಲ್ಲಿ?"

"ಯಾವ ಬೊರ್ಕೆಟೆ? ಹಳೇ ಮೇಸ್ತ್ರಿನಾ? ಅವರು ಹೋಗಿ ಹನ್ನೊಂದು ವರ್ಷ ಆಯ್ತಲ್ಲ ಮೇಡಂ. ಬೆಳಿಗ್ಗೆ ಹೆಂಡ್ತಿ, ಸಾಯಂಕಾಲ ಗಂಡ. ನೀವು ಸೇರೋದಕ್ಕೂ ಮುಂಚೆ. ನಿಮಗೆ ಹೇಗೆ ಗೊತ್ತು ಅವರು?"

ಗೇಟಿನಲ್ಲಿ ಹೆಬ್ಬೆಟ್ಟು ಇಟ್ಟಳು, ಯಂತ್ರ ಹಸಿರು ತೋರಿಸಿತು. ತವಿಯಾ, "ಬಿಸ್ಕತ್ತು ತಂದಿಲ್ವಾ ನಮಗೆ?" ಎಂದ. ಟ್ರೋಟ್ರೋದಲ್ಲಿ ಪಕ್ಕದ ಹೆಂಗಸು ಮೊಣಕೈಯಿಂದ ತಿವಿದು ಜರುಗಿ ಕೂರಲು ಹೇಳಿದಳು. ಕಮ್ಯುನಿಟಿ ನಾಲ್ಕರ ಮೆಟ್ಟಿಲ ಮೇಲೆ ಓಯೋ ಅರ್ಧ ಜಡೆಯಲ್ಲಿ ಕೂತು, "ಅಮ್ಮಾ, ನನ್ನ ಇಡೀ ಕ್ಲಾಸು ನಗಾಡಿತು, ನಿನ್ನಿಂದ," ಎಂದು ಕಾಲು ಝಾಡಿಸಿತು. ಡ್ರೋಮೊ ಅವಳನ್ನು ಅಪ್ಪಿಕೊಂಡು ಎಷ್ಟು ಜೋರಾಗಿ ಅತ್ತಳೆಂದರೆ ಹುಡುಗಿ ಹೆದರಿಕೊಂಡಿತು. ಆ ಅಳುವಿನಲ್ಲಿ ಮುಕ್ಕಾಲು ಪಾಲು ಸಂತೋಷವೇ. ಅದು ಅವಳಿಗೂ ಗೊತ್ತಾಯಿತು.

ಮಾರನೆಯ ದಿನ ಮೇಡಂ ಅಫ್ರಿಯೆ ವರದಿಯನ್ನು ನಿಂತೇ ಓದಿದರು.

"ನಿಧಾನದ್ದನ್ನ ಆರಿಸಿದೀಯಲ್ಲ. ಆ ಇನ್ನೊಂದು ಎಷ್ಟು ಚೆನ್ನಾಗಿತ್ತು ನೋಡೋಕೆ."

"ಇದಕ್ಕೆ ಹಳೇದೆಲ್ಲ ಹೊಂದತ್ತೆ, ಮೇಡಂ."

"ಎಲ್ಲಾನೂ?"

"ಎಲ್ಲಾನೂ," ಎಂದಳು ಡ್ರೋಮೊ. ಕಳೆದ ವಾರದ ಸಮಾರಂಭದ ಬಗ್ಗೆ ಮೇಡಂ ಏನಾದರೂ ಹೇಳುತ್ತಾರೇನೋ ಎಂದು ಕಾದಳು. ಅವರು ಸಹಿ ಹಾಕಿ ಕಾಗದ ವಾಪಸು ಕೊಟ್ಟರು. ಅವರ ನೆನಪಿನಲ್ಲಿ ಆ ದಿನ ಹೊಸ ಮೇಸ್ತ್ರಿ ಪಟ್ಟಿ ಓದಿದ್ದ, ಎಲ್ಲರ ಹೆಸರೂ ಸರಿಯಾಗಿತ್ತು.

ಸಾಧ್ವಿ ನೆಲೆಯೂರಿ ಈಗ ಎರಡು ವರ್ಷ. ಯಾರೂ ದೂರು ಹೇಳಿಲ್ಲ. ಹುಟ್ಟಿದ ದಿನದ ಸಮಾರಂಭದಲ್ಲಿ ಒಂಬತ್ತನೆಯದಾಗಿ ಲಾಮಿಲೆಯನ್ನೂ ಕೊನೆಯಲ್ಲಿ ಬೊರ್ಕೆಟೆಯನ್ನೂ ಕರೆಯುತ್ತಾರೆ, ಇಬ್ಬರದೂ ಒಂದೇ ತಾರೀಖು ನೋಡಿ ಹೆಂಗಸರು ಎಂಥ ಜೋಡಿ ಎಂದು ನಿಟ್ಟುಸಿರು ಬಿಡುತ್ತಾರೆ. ಅದಾದ ಮೇಲೂ ಹನ್ನೊಂದು ವರ್ಷ ಆ ಮನುಷ್ಯ ಉಣ್ಣೆಯ ಟೋಪಿ ಹಾಕಿಕೊಂಡು ಇಲ್ಲಿಗೆ ಬರುತ್ತಿದ್ದ ಎಂಬುದು ಗೊತ್ತಿರುವುದು ಡ್ರೋಮೊ ಒಬ್ಬಳಿಗೆ. ಪ್ರತಿ ಬೆಳಿಗ್ಗೆ ಕಚೇರಿಗೆ ಬಂದು ಅವಳು ಮೊದಲು ಹೋದವರ ಪುಟವನ್ನೇ ತೆರೆಯುತ್ತಾಳೆ. ಇಪ್ಪತ್ನಾಲ್ಕನೆಯ ಸಾಲಿನ ಪಕ್ಕದಲ್ಲಿ ‘ತಿದ್ದು’ ಗುಂಡಿ ಇದೆ, ಅದು ಕಾಣುವುದು ಅವಳಿಗೆ ಮಾತ್ರ. ಒತ್ತಿ ತನ್ನ ಹೆಸರನ್ನು ವಾಪಸು ಬರೆದರೆ ಕೆಳಗೆ ಐಸ್ ಗೋಡೆಯ ಮುಂದೆ ಅಟಾ ಕೂತಿರುತ್ತಾರೆ, ಅವಳಿಗೆ ಅದು ಖಂಡಿತವಾಗಿ ಗೊತ್ತು. ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂರುತ್ತಾಳೆ. ಆಮೇಲೆ ರಜೆ ಅರ್ಜಿಗಳ ಪುಟಕ್ಕೆ ಹೋಗುತ್ತಾಳೆ.